ಹಣಿಗೆ ತೆಗೆದ ಮಗ್ಗ

ನಮಸ್ಕಾರ. ಇವತ್ತು ನಮ್ಮ ಅವ್ವನ ಒಂದು ಮಾತಿನಿಂದ ಶುರು ಮಾಡುತ್ತೇನೆ.

ಅವ್ವ ಇಳಕಲ್ಲಿನವಳು. ಮದುವೆಯಾಗಿ ಡೊಂಬಿವಲಿಗೆ ಬರುವ ತನಕ ಕುಣಿಮಗ್ಗದ ಸದ್ದಿನಲ್ಲೇ ಬೆಳೆದವಳು. ಹೋದ ಚಳಿಗಾಲದಲ್ಲಿ ಅವಳನ್ನು ದಕ್ಷಿಣ ಮುಂಬೈನ ಒಂದು ಗ್ಯಾಲರಿಗೆ ಕರೆದುಕೊಂಡು ಹೋಗಿದ್ದೆ. ನೇಯ್ಗೆ ಕಲಾವಿದೆ ಮೋನಿಕಾ ಕೊರೆಯಾ ಅವರು ನೇಯ್ದದ್ದನ್ನು ಗೋಡೆಗೆ ತೂಗುಹಾಕಿದ್ದರು. ನಾನು ನಾಲ್ಕು ಹೆಜ್ಜೆ ಹಿಂದೆ ನಿಂತು, ಎಲ್ಲರ ಹಾಗೆ, ಬಣ್ಣ ಚೆನ್ನಾಗಿದೆ ಅಂದುಕೊಂಡೆ. ಅವ್ವ ಮೂಗು ತಾಗುವಷ್ಟು ಹತ್ತಿರ ಹೋದಳು. ಒಂದು ನಿಮಿಷ ನೋಡಿ ಹೇಳಿದಳು: "ಇಲ್ಲಿ ನೋಡವಾ, ನಡುವ ಹಣಗಿ ತಗದಾರ ಇವರು. ಅದಕ್ಕ ಹಾಸಿನ ಎಳಿ ಹಾವಿನಂಗ ಹೊಂಟಾವ."

ಹಣಿಗೆ ಅಂದರೆ ಮಗ್ಗದಲ್ಲಿರುವ ಬಾಚಣಿಗೆಯಂಥ ಪಟ್ಟಿ. ಹಾಸು, ಅಂದರೆ ಮಗ್ಗದ ಉದ್ದಕ್ಕೆ ಬಿಗಿದ ಎಳೆಗಳು, ಒಂದರ ಪಕ್ಕ ಒಂದು ನೆಟ್ಟಗೆ ನಿಲ್ಲುವುದು ಅದರಿಂದ. ಲಾಳಿ ಓಡಿದ ಮೇಲೆ ಹೊಕ್ಕನ್ನು, ಅಂದರೆ ಅಡ್ಡ ಎಳೆಯನ್ನು, ಬಡಿದು ಕೂರಿಸುವುದೂ ಅದೇ. ಅದಿಲ್ಲದಿದ್ದರೆ ಎಳೆ ದಾರಿ ತಪ್ಪುತ್ತದೆ. ಅವ್ವನ ತವರಿನಲ್ಲಿ ಹಾಗಾದರೆ ಸೀರೆ ಕೆಟ್ಟಿತು ಅಂತಲೇ ಲೆಕ್ಕ. ಮೋನಿಕಾ ಅವರು ಬೇಕಂತಲೇ, ನೇಯುವಾಗ ನಡುವೆ ಹಣಿಗೆ ತೆಗೆದು, ಎಳೆಗಳನ್ನು ಅಲೆಯಲು ಬಿಟ್ಟರು. 1962ರಲ್ಲಿ ಅಮೆರಿಕದಲ್ಲಿ ಮರಿಯಾನ್ ಸ್ಟ್ರೆಂಗೆಲ್ ಅವರ ಹತ್ತಿರ ನೇಯ್ಗೆ ಕಲಿತು, ವಾಪಸ್ ಬಂದು ಮುಂಬೈನ ನೇಕಾರರ ಸೇವಾ ಕೇಂದ್ರದಲ್ಲಿ ಪಳಗಿದವರು ಅವರು. ನಿಯಮ ಗೊತ್ತಿದ್ದೇ ಮುರಿದರು. ಅದು ಅವ್ವನಿಗೆ ಒಂದೇ ನಿಮಿಷಕ್ಕೆ ಕಂಡಿತು. ಪಕ್ಕದ ಚೀಟಿಯಲ್ಲಿ ಮಾತ್ರ ಅದರ ಸುದ್ದಿಯೇ ಇರಲಿಲ್ಲ. ಹತ್ತಿ, ಉಣ್ಣೆ, ಇಷ್ಟು ಉದ್ದ, ಇಷ್ಟು ಅಗಲ. ಅಷ್ಟೇ.

ನನಗೆ ಬೇಜಾರಾಗುವುದು ಇಲ್ಲೇ. ನೂಲಲ್ಲಿ ಮಾಡಿದರೆ ಕೈಕಸುಬು, ಲೋಹದಲ್ಲಿ ಮಾಡಿದರೆ ಶಿಲ್ಪ. ಹೀಗೆ ನಾವು ಸುಮ್ನೆ ಗೆರೆ ಎಳೆದುಬಿಟ್ಟಿದ್ದೇವೆ. ಕಲಾವಿದರು ಆ ಗೆರೆಯನ್ನು ಯಾವತ್ತೋ ದಾಟಿದ್ದಾರೆ.

ಮೃಣಾಲಿನಿ ಮುಖರ್ಜಿ ಅವರನ್ನೇ ನೋಡಿ. 1949ರಲ್ಲಿ ಇದೇ ಮುಂಬೈನಲ್ಲಿ ಹುಟ್ಟಿದವರು. ಬರೋಡಾದಲ್ಲಿ ಅವರಿಗೆ ಕಲಿಸಿದ ಕೆ.ಜಿ. ಸುಬ್ರಹ್ಮಣ್ಯನ್ ಅದಕ್ಕೂ ಮೊದಲು ಮುಂಬೈನಲ್ಲಿ ಕೈಮಗ್ಗ ಮಂಡಳಿಯ ಕೆಲಸದಲ್ಲಿದ್ದರು. ಮೃಣಾಲಿನಿ ಹಿಡಿದದ್ದು ಸೆಣಬಿನ ಹಗ್ಗ. ಮಗ್ಗವೇ ಇಲ್ಲ. ಬರೀ ಗಂಟು. ಗಂಟಿನ ಮೇಲೆ ಗಂಟು ಹಾಕುತ್ತಾ ಹಾಕುತ್ತಾ ಆಳೆತ್ತರದ ರೂಪಗಳನ್ನು ಎಬ್ಬಿಸಿದರು. 1984ರ 'ಯಕ್ಷಿ' ಅಂಥದ್ದು. ಒಂದು ಕಡೆಯಿಂದ ದೇವತೆ, ಇನ್ನೊಂದು ಕಡೆಯಿಂದ ಬಿರಿದ ಹೂವು. ಅದೇ ಕೈ ಮುಂದೆ ಮಣ್ಣಿಗೆ ಹೋಯಿತು, ಆಮೇಲೆ ಕಂಚಿಗೆ. 2015ರಲ್ಲಿ ತೀರಿಕೊಂಡರು. ಅವರ ಕಂಚಿನ ಶಿಲ್ಪಗಳ ಮಡಿಪುಗಳನ್ನು ನೋಡಿದರೆ ಇದು ಹಗ್ಗ ಹಿಡಿದ ಬೆರಳಿನ ಕೆಲಸವೇ ಅಂತ ನನಗೆ ಅನ್ನಿಸದೆ ಇರುವುದಿಲ್ಲ.

ವಾಪಸ್ ಬರುವಾಗ ಲೋಕಲ್‌ನಲ್ಲಿ ಸೀಟು ಸಿಕ್ಕಿತ್ತು. ಅವ್ವನಿಗೆ ಫೋನಿನಲ್ಲಿ ರೂತ್ ಅಸಾವಾ ಅವರ ತಂತಿಯ ಶಿಲ್ಪ ತೋರಿಸಿದೆ. ಅಮೆರಿಕದವರು. 1947ರಲ್ಲಿ ಮೆಕ್ಸಿಕೋದ ತೊಲೂಕಾ ಊರಿನ ಬುಟ್ಟಿ ಹೆಣೆಯುವವರಿಂದ ಕಲಿತರು. ಕೊಂಡಿಯೊಳಗೆ ಕೊಂಡಿ ಹಾಕಿ ಹೆಣೆದ ತಂತಿ, ಸೂರಿನಿಂದ ಸೋರೆಕಾಯಿ ಸಾಲಿನಂತೆ ತೂಗುತ್ತದೆ. ಅವ್ವ ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿ, "ತೋಪು ತೆನಿ ಹಾಕಿದಂಗ ಐತಲ್ಲ!" ಅಂದಳು. ಇಳಕಲ್ ಸೀರೆಯಲ್ಲಿ ಸೆರಗಿನ ರೇಷ್ಮೆ ಹಾಸನ್ನೂ ಒಡಲಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸುತ್ತಾರಲ್ಲ, ಅದು ತೋಪು ತೆನಿ. ಇಳಕಲ್ಲಿಗೂ ತೊಲೂಕಾಕ್ಕೂ ಎಲ್ಲಿಯ ನಂಟು? ಕೈಗೆ ಕಂಡಿತು, ಅಷ್ಟೇ. ಘಾನಾದಲ್ಲಿ ಹುಟ್ಟಿದ ಎಲ್ ಅನಾತ್ಸುಯಿ ಬಾಟಲಿ ಮುಚ್ಚಳಗಳನ್ನು ತಾಮ್ರದ ತಂತಿಯಿಂದ ಹೊಲಿದು ಗೋಡೆಯಷ್ಟು ದೊಡ್ಡ ಬಟ್ಟೆ ಮಾಡುತ್ತಾರೆ. ಅದನ್ನು ತೋರಿಸುವಷ್ಟರಲ್ಲಿ ಠಾಣೆ ಬಂತು, ಗಲಾಟೆ ಜಾಸ್ತಿಯಾಯಿತು.

ನಮ್ಮವರೇ ಒಬ್ಬರು ಇದ್ದಾರೆ, ಅವರ ಹೆಸರು ಹೇಳದೆ ಇರಲಾರೆ. ಶಕುಂತಲಾ ಕುಲಕರ್ಣಿ. ಧಾರವಾಡದಲ್ಲಿ ಹುಟ್ಟಿ ಮುಂಬೈನಲ್ಲಿ ನೆಲೆಸಿದವರು. ಬೆತ್ತ ಹೆಣೆದು ಹೆಣ್ಣಿನ ಮೈಗೆ ಕವಚ ಮಾಡಿ, ತಾವೇ ತೊಟ್ಟು ನಿಂತರು. ಕಾಪಾಡುವುದೂ ಅದೇ, ಕೂಡಿಹಾಕುವುದೂ ಅದೇ. 2024ರ ಫೆಬ್ರವರಿಯಲ್ಲಿ ಪ್ಯಾರಿಸ್‌ನಲ್ಲಿ ಡಿಯೋರ್ ಫ್ಯಾಷನ್ ಶೋದ ನಡುವೆ ಆ ಕವಚಗಳು ನಿಂತಿದ್ದವು. ಮುಂಬೈ ಕನ್ನಡಿಗರಲ್ಲಿ ಎಷ್ಟು ಜನರಿಗೆ ಇದು ಗೊತ್ತು, ಹೇಳಿ?

ನೇಯ್ಗೆ ಈ ಊರಿಗೆ ಹೊಸದಲ್ಲ ಅಲ್ವಾ? ಗಿರಣಗಾಂವ್‌ನ ಮಿಲ್ಲುಗಳು ಇಡೀ ಊರನ್ನೇ ಸಾಕಿದವು. 1982ರ ಮುಷ್ಕರದ ನಂತರ ಒಂದೊಂದಾಗಿ ನಿಂತವು. ಮಗ್ಗದ ಮುಂದೆ ನಿಂತಿದ್ದವರ ಮನೆಯವರು ಇನ್ನೂ ಇಲ್ಲೇ ಇದ್ದಾರೆ. ಅವರ್ಯಾರೂ ಗ್ಯಾಲರಿಯ ಬಾಗಿಲು ತಳ್ಳುವುದಿಲ್ಲ. ಅದು ನಮ್ಮ ಜಾಗ ಅಲ್ಲ ಅಂದುಕೊಂಡಿದ್ದಾರೆ. ಅವ್ವನೂ ಆ ದಿನ ಚಪ್ಪಲಿ ಹೊರಗೆ ಬಿಡಬೇಕೇನೋ ಅಂತ ಬಾಗಿಲಲ್ಲೇ ನಿಂತಿದ್ದಳು.

ಗ್ಯಾಲರಿ ನಡೆಸುವವರಿಗೆ ನನ್ನ ಕೋರಿಕೆ ಇದು. ಚೀಟಿಯಲ್ಲಿ ಹೇಗೆ ನೇಯ್ದದ್ದು ಅಂತ ಎರಡು ಸಾಲು ಬರೆಯಿರಿ. ಕಲಾವಿದರ ಜೊತೆ ಕೈಜೋಡಿಸಿದ ಕುಶಲಕರ್ಮಿಗಳಿದ್ದರೆ ಅವರ ಹೆಸರೂ ಇರಲಿ. ಕೇಳುತ್ತಿರುವ ನಿಮಗೂ ಒಂದು ಮಾತು: ಮನೆಯಲ್ಲಿ ನೇಯ್ಗೆ, ಬುಟ್ಟಿ, ಕಸೂತಿ ಗೊತ್ತಿದ್ದ ಹಿರಿಯರಿದ್ದರೆ ಅವರನ್ನು ಕರೆದುಕೊಂಡು ಹೋಗಿ. ಹೆಚ್ಚಿನ ಗ್ಯಾಲರಿಗಳಲ್ಲಿ ಟಿಕೆಟ್ ಇರುವುದಿಲ್ಲ. ನೀವು ಮಾತಾಡಬೇಡಿ. ಅವರು ಹತ್ತಿರ ಹೋಗಿ ನೋಡಲಿ.

ಅವ್ವ ಈ ಭಾನುವಾರ ಮತ್ತೆ ಹೊರಟಿದ್ದಾಳೆ. ಈ ಸಲ ಚಿಕ್ಕಮ್ಮನೂ ಬರುತ್ತಾಳೆ. ಹಣಿಗೆಯನ್ನು ತೆಗೆದ ಜಾಗ ಯಾವುದು, ಮತ್ತೆ ಕೂರಿಸಿದ ಜಾಗ ಯಾವುದು ಅಂತ ಇಬ್ಬರಲ್ಲೂ ಈಗಾಗಲೇ ವಾದ ಶುರುವಾಗಿದೆ.