ಸತ್ತಿಲ್ಲ, ಸಿಕ್ಕಿಕೊಂಡಿದೆ

ಕೇಳುಗರೆಲ್ಲರಿಗೂ ನಮಸ್ಕಾರ. ಸಿಂಕಿನ ಕೆಳಗೆ ಕೂತು ಮುಸುರೆ ಅರೆದು ನೀರಿನ ಜೊತೆ ಕಳಿಸುವ ಒಂದು ಯಂತ್ರ ಇದೆ. ಡಿಸ್ಪೋಸರ್ ಅಂತಾರಲ್ಲ, ಅದೇ. ಅದನ್ನು ಜೋಡಿಸುವುದು, ರಿಪೇರಿ ಮಾಡುವುದು ನನ್ನ ಕೆಲಸ. ಇವತ್ತು ಅದರ ಬಗ್ಗೆಯೇ ನಾಲ್ಕು ಮಾತು.

ನನಗೆ ಬರುವ ಫೋನುಗಳು ಹೆಚ್ಚಾಗಿ ಒಂದೇ ಥರ ಶುರುವಾಗುತ್ತವೆ. "ನಮ್ಮದು ಸತ್ತುಹೋಗಿದೆ, ಬಂದು ಹೊಸದು ಹಾಕಿಕೊಡಿ." ನಾನು ತಿರುಗಿ ಕೇಳುವುದೂ ಒಂದೇ. "ಸ್ವಿಚ್ ಹಾಕಿದರೆ ಏನು ಸದ್ದು ಬರುತ್ತೆ?" ಆ ಕಡೆಯಿಂದ, "ಗುರ್ ಅನ್ನುತ್ತೆ, ಆದರೆ ತಿರುಗಲ್ಲ." ಗುರ್ ಅನ್ನುತ್ತಿದ್ದರೆ ಮೋಟಾರಿಗೆ ಕರೆಂಟ್ ಬರುತ್ತಿದೆ, ಅದು ತಿರುಗಲು ಒದ್ದಾಡುತ್ತಿದೆ. ಸತ್ತಿಲ್ಲ, ಸಿಕ್ಕಿಕೊಂಡಿದೆ. ಮಿಕ್ಕಿದ್ದೆಲ್ಲ ಮರೆತರೂ ಪರವಾಗಿಲ್ಲ, ಇದೊಂದು ನೆನಪಿಟ್ಟುಕೊಳ್ಳಿ.

ಯಾಕೆ ಸಿಕ್ಕಿಕೊಳ್ಳುತ್ತದೆ? ಒಳಗೆ ಏನಿದೆ ಅಂತ ಗೊತ್ತಾದರೆ ತಾನಾಗಿ ತಿಳಿಯುತ್ತದೆ. ಮಿಕ್ಸಿಯಲ್ಲಿ ಇರುವಂಥ ಬ್ಲೇಡು ಒಳಗಿದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಬ್ಲೇಡೇ ಇಲ್ಲ. ಒಂದು ಲೋಹದ ತಟ್ಟೆ ಇದೆ, ಜೋರಾಗಿ ತಿರುಗುತ್ತದೆ. ಅದರ ಮೇಲೆ ಎರಡು ಗಟ್ಟಿ ತುಂಡುಗಳಿವೆ. ಸುತ್ತಲೂ ಹಲ್ಲುಗಳಿರುವ ಬಳೆ. ಒದ್ದೆ ಬಟ್ಟೆಯನ್ನು ಗಿರ್ರನೆ ತಿರುಗಿಸಿದರೆ ನೀರು ಹೊರಕ್ಕೆ ಸಿಡಿಯುತ್ತದೆ ಅಲ್ವಾ? ಹಾಗೇ ತಟ್ಟೆಯ ಮೇಲೆ ಬಿದ್ದಿದ್ದು ಅಂಚಿಗೆ ಎಸೆಯಲ್ಪಟ್ಟು, ಬಳೆಯ ಹಲ್ಲಿಗೆ ಉಜ್ಜಿ ನುಣ್ಣಗಾಗಿ ಕೆಳಗೆ ಇಳಿಯುತ್ತದೆ. ಆ ತುಂಡಿಗೂ ಬಳೆಗೂ ನಡುವಿನ ಸಂದು ತುಂಬಾ ಚಿಕ್ಕದು. ಹಣ್ಣಿನ ಓಟೆಯೋ ಚಮಚದ ತುದಿಯೋ ಅಲ್ಲಿ ಹೊಕ್ಕಿತು ಅಂದರೆ ಮುಗೀತು, ತಟ್ಟೆ ಕಚ್ಚಿಕೊಂಡು ನಿಲ್ಲುತ್ತದೆ. ಇಷ್ಟೇ ವಿಷಯ.

ಈ ಉಪಾಯ ಹೊಳೆದದ್ದು ಜಾನ್ ಹ್ಯಾಮ್ಸ್ ಎಂಬ ಕಟ್ಟಡ ವಿನ್ಯಾಸಕಾರನಿಗೆ, 1927ರಲ್ಲಿ, ಅಮೆರಿಕದ ರೆಸೀನ್ ಊರಿನಲ್ಲಿ. 1935ರಲ್ಲಿ ಪೇಟೆಂಟ್ ಸಿಕ್ಕಿತು, 1938ರಲ್ಲಿ ಆತನ ಕಂಪನಿ ಶುರುವಾಯಿತು. ಇಷ್ಟು ವರ್ಷವಾದರೂ ತಟ್ಟೆ, ತುಂಡು, ಬಳೆ, ಇವು ಹಾಗೇ ಇವೆ. ಅದಕ್ಕೇ ಇದು ಅರ್ಥವಾಗದ ಯಂತ್ರವೇನಲ್ಲ.

ಈಗ ಬಿಡಿಸುವುದು ಹೇಗೆ. ಮೊದಲು ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ನೀವು ಒಳಗೆ ಬಗ್ಗಿ ನೋಡುವಾಗ ಬೇರೆಯವರು ಬಂದು ಸುಮ್ನೆ ಸ್ವಿಚ್ ಒತ್ತಬಹುದು. ಪ್ಲಗ್ ಕಿತ್ತ ಮೇಲೂ ಕೈ ಹಾಕಬೇಡಿ. ಟಾರ್ಚ್ ಹಿಡಿದು ನೋಡಿ, ಇಕ್ಕಳ ಬಳಸಿ. ಆಮೇಲೆ ಸಿಂಕಿನ ಕೆಳಗೆ ಬಗ್ಗಿ. ಬಹಳಷ್ಟು ಯಂತ್ರಗಳ ತಳದ ನಟ್ಟನಡುವೆ ಆರು ಮೂಲೆಯ ಒಂದು ತೂತು ಇರುತ್ತದೆ. ಅದಕ್ಕೆ ಕಾಲು ಇಂಚಿನ ಅಲೆನ್ ಕೀ, ಅಂದರೆ ಆರು ಮೂಲೆಯ ಬಾಗಿದ ಕಡ್ಡಿ, ಹಾಕಿ ಆ ಕಡೆ ಈ ಕಡೆ ತಿರುಗಿಸಿ. ಮೊದಲು ಗಟ್ಟಿಯಾಗಿ ಇರುತ್ತದೆ, ಆಮೇಲೆ ತಟಕ್ಕನೆ ಸಡಿಲವಾಗುತ್ತದೆ. ಪೂರ್ತಿ ಒಂದು ಸುತ್ತು ಸಲೀಸಾಗಿ ಬಂದರೆ ಬಿಟ್ಟುಕೊಂಡಿತು ಅಂತ ಅರ್ಥ. ಸಿಕ್ಕಿದ್ದನ್ನು ಮೇಲಿನಿಂದ ಇಕ್ಕಳದಲ್ಲಿ ತೆಗೆಯಿರಿ.

ಸದ್ದೇ ಇಲ್ಲ ಅಂದರೆ? ಆಗಲೂ ಸತ್ತಿದೆ ಅಂತ ತೀರ್ಮಾನಕ್ಕೆ ಬರಬೇಡಿ. ಸಿಕ್ಕಿಕೊಂಡ ಮೋಟಾರು ಬಿಸಿಯಾಗುತ್ತದೆ, ಬಿಸಿ ಜಾಸ್ತಿಯಾದರೆ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. ತಳದಲ್ಲಿ ಒಂದು ಕೆಂಪು ಗುಂಡಿ ಇರುತ್ತದೆ, ಅದು ಹೊರಕ್ಕೆ ಎದ್ದಿರುತ್ತದೆ. ಆಗಲೇ ಹೇಳಿದ ಹಾಗೆ ಸಿಕ್ಕಿದ್ದನ್ನು ಬಿಡಿಸಿ, ಹತ್ತು ನಿಮಿಷ ತಣ್ಣಗಾಗಲು ಬಿಟ್ಟು, ಆ ಗುಂಡಿಯನ್ನು ಒಳಕ್ಕೆ ಒತ್ತಿ. ಪ್ಲಗ್ ಹಾಕಿ, ತಣ್ಣೀರು ಬಿಟ್ಟು, ಸ್ವಿಚ್ ಹಾಕಿ.

ಒಂದು ಮನೆಯ ಕಥೆ ಹೇಳಲೇಬೇಕು. ನಾನು ಹೋಗುವಷ್ಟರಲ್ಲಿ ಹೊಸ ಯಂತ್ರದ ಪೆಟ್ಟಿಗೆ ಅಡುಗೆಮನೆಯಲ್ಲಿ ಬಂದು ಕೂತಿತ್ತು. ಯಜಮಾನರು ಸಿಂಕಿನ ಕೆಳಗಿನ ಡಬ್ಬಿ, ಬಕೆಟ್ಟು ಎಲ್ಲ ಹೊರಗಿಟ್ಟು ಜಾಗ ಮಾಡಿಕೊಟ್ಟಿದ್ದರು. "ಹಳೇದನ್ನು ನೀವೇ ತಗೊಂಡು ಹೋಗಿಬಿಡಿ ಸಾರ್" ಅಂದರು. ಕೇಳಿದೆ, ಎಂಥ ಸದ್ದು ಬರುತ್ತೆ ಅಂತ. "ಏನೋ ಗುರ್ ಅನ್ನುತ್ತೆ. ಅದಿರಲಿ, ಹೊಸದು ಬಂದಿದೆಯಲ್ಲ." ಅಷ್ಟರಲ್ಲಿ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅವರ ತಾಯಿ ಬಾಯಿ ಬಿಟ್ಟರು. "ಮೂರು ದಿನದ ಹಿಂದೆ ಟಣ್ ಅಂತ ಸದ್ದಾಯ್ತು ಕಣಪ್ಪಾ. ಆಮೇಲೇ ಗುರ್ ಅನ್ನೋಕೆ ಶುರುವಾಗಿದ್ದು. ನನ್ನನ್ನ ಯಾರು ಕೇಳ್ತಾರೆ?"

ಟಣ್ ಅಂದ ಮೇಲೆ ಒಳಗೆ ಲೋಹದ್ದೇನೋ ಬಿದ್ದಿದೆ ಅಂತ ಗ್ಯಾರಂಟಿಯಾಯಿತು. ಪ್ಲಗ್ ಕಿತ್ತೆ. ತಳಕ್ಕೆ ಕೀ ಹಾಕಿದೆ, ಅಲುಗಲಿಲ್ಲ. ಎಡಕ್ಕೆ ಒತ್ತಿದೆ, ಬಲಕ್ಕೆ ಒತ್ತಿದೆ. ಯಜಮಾನರು ನಿಂತಲ್ಲೇ ಗಡಿಯಾರ ನೋಡುತ್ತಿದ್ದರು. "ಯಾಕೆ ಸಾರ್ ಕಷ್ಟಪಡ್ತೀರಿ, ಬಿಚ್ಚಿಬಿಡಿ" ಅಂತ ಎರಡು ಸಲ ಹೇಳಿದರು. ನನಗೆ ಹಟ ಬಂತು. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ಐದಾರು ಸಲ ಆದಮೇಲೆ ಕಟ್ ಅಂತ ಬಿಟ್ಟುಕೊಂಡಿತು. ಟಾರ್ಚ್ ಹಾಕಿ ನೋಡಿದರೆ ಒಂದು ಚಿಕ್ಕ ನಾಣ್ಯ, ಅಂಚು ಸೊಟ್ಟಗಾಗಿತ್ತು. ಇಕ್ಕಳದಲ್ಲಿ ಎತ್ತಿ ಆ ತಾಯಿಯ ಅಂಗೈಯಲ್ಲಿಟ್ಟೆ. ಕೆಂಪು ಗುಂಡಿ ಒತ್ತಿ, ನೀರು ಬಿಟ್ಟು ಸ್ವಿಚ್ ಹಾಕಿದೆ. ಮೊದಲಿನ ಹಾಗೇ ಓಡಿತು. ಯಜಮಾನರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದರು, "ಎರಡು ವರ್ಷದ ಹಿಂದೆ ಒಂದನ್ನು ಬಿಸಾಡಿದ್ವಿ. ಅದೂ ಹೀಗೇ ಗುರ್ ಅಂತಿತ್ತು." ಅದನ್ನು ಕೇಳಿ ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ಒಂದು ಒಳ್ಳೇ ಮೋಟಾರು, ಅಷ್ಟೊಂದು ಲೋಹ, ಎಲ್ಲ ಕಸಕ್ಕೆ. ಅದೂ ಸತ್ತಿರಲಿಲ್ಲ ಸ್ವಾಮಿ, ಸಿಕ್ಕಿಕೊಂಡಿತ್ತು.

ಕಥೆಯಲ್ಲೇ ಹೊತ್ತು ಹೋಯಿತು, ಇನ್ನು ಬೇಗ ಹೇಳುತ್ತೇನೆ. ಹೊಸದು ಬೇಕಾಗುವುದು ಯಾವಾಗ? ಯಂತ್ರದ ತಳದಿಂದಲೇ ನೀರು ತೊಟ್ಟಿಕ್ಕುತ್ತಿದ್ದರೆ ಒಳಗೆ ನೀರು ತಡೆಯುವ ಸೀಲ್ ಹೋಗಿದೆ, ನೀರು ಮೋಟಾರಿಗೆ ಇಳಿಯುತ್ತಿದೆ. ಆಗ ಬದಲಾಯಿಸಿ, ಅದಕ್ಕೆ ನಾನೂ ಒಪ್ಪುತ್ತೇನೆ. ಸಿಂಕಿನ ಬಾಯಿಯ ಹತ್ತಿರ ಸೋರಿದರೆ ಅಲ್ಲಿ ಸಂದು ಮುಚ್ಚಲು ಮೆತ್ತಿದ ಪುಟ್ಟಿ ಹೋಗಿದೆ. ಪಕ್ಕದ ಪೈಪಿನಲ್ಲಿ ಸೋರಿದರೆ ವಾಷರ್ ಹೋಗಿದೆ. ಈ ಎರಡಕ್ಕೂ ಯಂತ್ರ ಬದಲಿಸಬೇಕಿಲ್ಲ.

ಬಳಸುವಾಗ ತಣ್ಣೀರೇ ಬಿಡಿ. ಬಿಸಿನೀರಿಗೆ ಜಿಡ್ಡು ಕರಗಿ ಮುಂದೆ ಪೈಪಿನಲ್ಲಿ ಹೋಗಿ ಗಟ್ಟಿಯಾಗುತ್ತದೆ. ಅರೆದಾದ ಮೇಲೂ ಹದಿನೈದು ಇಪ್ಪತ್ತು ಸೆಕೆಂಡು ನೀರು ಓಡಲಿ. ನಾರಿನ ಸೊಪ್ಪು, ಎಣ್ಣೆ, ದಪ್ಪ ಮೂಳೆ, ಇವು ಬೇಡ.

ಹೊಸದನ್ನು ಜೋಡಿಸುವವರಿಗೆ ಮೂರೇ ಮಾತು. ಯಂತ್ರ ತುಂಬಾ ಭಾರ, ಕೆಳಗೆ ಒಂದು ಗಟ್ಟಿ ಡಬ್ಬಿ ಒತ್ತುಕೊಟ್ಟು ಆಮೇಲೆ ಸಿಂಕಿನ ಬಾಯಿಯ ಕೆಳಗೆ ಕೂರಿಸಿದ ಬಳೆಗೆ ಸಿಕ್ಕಿಸಿ ತಿರುಗಿಸಿ, ತೋಳಿನ ಮೇಲೆ ಹೊತ್ತುಕೊಂಡು ಒದ್ದಾಡಬೇಡಿ. ವೋಲ್ಟೇಜು ನಿಮ್ಮ ಮನೆಯದಕ್ಕೆ ಸರಿಯಿದೆಯಾ ನೋಡಿ, ಅರ್ಥಿಂಗ್ ಇಲ್ಲದ ಪಾಯಿಂಟಿಗೆ ಹಾಕಲೇಬೇಡಿ. ಇನ್ನೊಂದು, ಪಾತ್ರೆ ತೊಳೆಯುವ ಯಂತ್ರದ ಪೈಪು ಇದಕ್ಕೆ ಸೇರಿಸುವುದಾದರೆ, ಡಿಸ್ಪೋಸರಿನ ಪಕ್ಕದ ಕೊಳವೆಯ ಒಳಗಡೆ ಒಂದು ಪ್ಲಾಸ್ಟಿಕ್ ಬಿಲ್ಲೆ ಮುಚ್ಚಿರುತ್ತದೆ. ಡಿಸ್ಪೋಸರ್ ಕೂರಿಸುವ ಮೊದಲೇ ಅದನ್ನು ಸ್ಕ್ರೂಡ್ರೈವರಿನಿಂದ ಒಡೆಯಬೇಕು. ಇಲ್ಲದಿದ್ದರೆ ಪಾತ್ರೆ ತೊಳೆದ ನೀರು ಹೊರಗೆ ಹೋಗುವುದಿಲ್ಲ. ಒಡೆದ ಬಿಲ್ಲೆ ಒಳಗೆ ಬೀಳುತ್ತದೆ, ಮರೆಯದೆ ಹೊರಗೆ ತೆಗೆಯಿರಿ. ಬಿಟ್ಟರೆ ಹೊಸ ಯಂತ್ರವೂ ಮೊದಲ ದಿನವೇ ಗುರ್ ಅನ್ನುತ್ತದೆ.

ನಮಸ್ಕಾರ.