ಇರುಳಿಗಾಗಿ ಕಾಯದ ಬೆಳೆ: ಫಿನೋಲಾ

ಕೇಳುಗರಿಗೆ ನಮಸ್ಕಾರ. ಫಿನ್‌ಲ್ಯಾಂಡ್ ದೇಶದಲ್ಲಿ ರೂಪುಗೊಂಡ ಫಿನೋಲಾ ಎಂಬ ಮಿಶ್ರತಳಿಯ ಬಗ್ಗೆ ಇಂದು ಮಾತನಾಡುತ್ತೇನೆ. ಇದು ಗಾಂಜಾ ಗಿಡದ ಜಾತಿಗೇ ಸೇರಿದ್ದು. ಆದರೆ ಅಮಲಿನ ಅಂಶ ತೀರ ಕಡಿಮೆಯಿರುವ, ಕಾಳಿಗಾಗಿಯೇ ಬೆಳೆಯುವ ಹೆಂಪ್ ಬೆಳೆ.

ಈ ಜಾತಿಯ ಗಿಡಗಳು ಸಾಮಾನ್ಯವಾಗಿ ಹಗಲು ಕುಗ್ಗಿ ಇರುಳು ಬೆಳೆದಾಗ ಹೂಬಿಡುತ್ತವೆ. ಮಧ್ಯ ಫಿನ್‌ಲ್ಯಾಂಡಿನಲ್ಲಾದರೋ ಜೂನ್ ತಿಂಗಳ ಹಗಲು ಸುಮಾರು 20 ಗಂಟೆಯಷ್ಟು ದೀರ್ಘ. ಇರುಳು ಸಾಕಷ್ಟು ಬೆಳೆದು ಗಿಡ ಹೂಬಿಡುವ ಹೊತ್ತಿಗೆ ಹಿಮ ಬೀಳುವ ಕಾಲವೂ ಸಮೀಪಿಸಿರುತ್ತದೆ. ಆದ್ದರಿಂದ ದಕ್ಷಿಣ ಯೂರೋಪಿನ ಎತ್ತರದ ತಳಿಗಳು ಅಲ್ಲಿ ಕಾಂಡವನ್ನು ಕೊಟ್ಟಾವೇ ಹೊರತು ಬಲಿತ ಕಾಳನ್ನು ಕೊಡಲಾರವು. ಈ ತೊಡಕನ್ನು ಬಿಡಿಸಲು 1995ರಲ್ಲಿ ಸಂಶೋಧಕ ಜೇಸ್ ಕ್ಯಾಲವೇ ಮತ್ತು ಅವರ ಸಹೋದ್ಯೋಗಿ ಉತ್ತರ ರಷ್ಯಾದ ಬೇಗ ಹೂಬಿಡುವ ಎರಡು ತಳಿಗಳನ್ನು ಕೂಡಿಸಿದರು. ಆ ಬೀಜಗಳು ಬಂದದ್ದು ಸೇಂಟ್ ಪೀಟರ್ಸ್‌ಬರ್ಗಿನ ವಾವಿಲೋವ್ ಸಂಸ್ಥೆಯ ಸಂಗ್ರಹದಿಂದ. ಎರಡನೆಯ ಮಹಾಯುದ್ಧದಲ್ಲಿ ನಗರಕ್ಕೆ ಮುತ್ತಿಗೆ ಬಿದ್ದಾಗ, ಹಸಿವಿನಿಂದ ಪ್ರಾಣ ಬಿಟ್ಟರೂ ಬಿತ್ತನೆ ಬೀಜವನ್ನು ತಿನ್ನದೆ ಉಳಿಸಿದ ವಿಜ್ಞಾನಿಗಳ ಸಂಸ್ಥೆ ಅದು. ಬೆಳೆಗಳ ಮಾತು ಬಂದಾಗ ಅವರನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ.

ಫಿನೋಲಾ ಇರುಳಿಗಾಗಿ ಕಾಯುವುದಿಲ್ಲ. ಬಿತ್ತಿ ಒಂದು ತಿಂಗಳಾಗುವಷ್ಟರಲ್ಲಿಯೇ ಹೂವಿನ ಸುಳಿವು ಕಾಣಿಸಿಕೊಂಡು, ನಾಲ್ಕು ತಿಂಗಳೊಳಗೆ ಕಾಳು ಕೊಯ್ಲಿಗೆ ಬರುತ್ತದೆ. ಎತ್ತರ ಸುಮಾರು ಒಂದೂವರೆ ಮೀಟರ್. ನಾರಿನ ತಳಿಗಳ ಉದ್ದನೆಯ ಕಾಂಡ ಕೊಯ್ಲು ಯಂತ್ರದ ತಿರುಗುವ ಭಾಗಗಳಿಗೆ ಸುತ್ತಿಕೊಂಡು ಕೆಲಸ ಕೆಡಿಸುತ್ತದೆಯಾದ್ದರಿಂದ, ಈ ಗಿಡ್ಡತನವೇ ರೈತನಿಗೆ ದೊಡ್ಡ ಅನುಕೂಲ. ಗಂಡು, ಹೆಣ್ಣು ಗಿಡಗಳು ಬೇರೆ ಬೇರೆ. ಪರಾಗ ಚೆಲ್ಲಿದ ಮೇಲೆ ಗಂಡು ಗಿಡಗಳು ಒಣಗಿ ಹೋಗುತ್ತವೆ.

ಬೇಸಾಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಮಣ್ಣು. ನೀರು ನಿಲ್ಲುವ ಅಥವಾ ಗಟ್ಟಿಯಾದ ನೆಲವನ್ನು ಎಳೆಯ ಸಸಿ ಸಹಿಸದು. ಹೆಕ್ಟೇರಿಗೆ 25ರಿಂದ 30 ಕಿಲೋ ಬೀಜವನ್ನು ಒಂದೆರಡು ಸೆಂಟಿಮೀಟರ್ ಆಳಕ್ಕೆ ಬಿತ್ತುತ್ತಾರೆ. ಪರಾಗ ಗಾಳಿಯಲ್ಲಿ ದೂರ ಸಾಗುವುದರಿಂದ, ಹತ್ತಿರದಲ್ಲಿ ಎತ್ತರದ ತಳಿಯಿದ್ದರೆ ಬೆರಕೆಯಾಗಿ ಮುಂದಿನ ಬಿತ್ತನೆ ಬೀಜ ಕೆಡುತ್ತದೆ. ಕಾಳು ಒಂದೇ ಸಲಕ್ಕೆ ಬಲಿಯುವುದಿಲ್ಲ. ಎಲ್ಲವೂ ಬಲಿಯಲೆಂದು ಕಾದರೆ ಮೊದಲು ಬಲಿತದ್ದು ಉದುರುತ್ತದೆ, ಇಲ್ಲವೇ ಹಕ್ಕಿಗಳ ಪಾಲಾಗುತ್ತದೆ. ಆದ್ದರಿಂದ ಹೆಚ್ಚಿನ ಪಾಲು ಬಲಿತೊಡನೆ, ತೇವ ಇರುವಾಗಲೇ ಕೊಯ್ದು, ತಡಮಾಡದೆ ಹದವಾದ ಬೆಚ್ಚನೆಯ ಗಾಳಿಯಲ್ಲಿ ಒಣಗಿಸಬೇಕು. ಒಂದು ರಾತ್ರಿ ರಾಶಿ ಹಾಕಿ ಬಿಟ್ಟರೂ ಕಾಳು ಬಿಸಿಯೇರಿ ಎಣ್ಣೆಯ ರುಚಿ ಹಾಳಾಗುತ್ತದೆ. ಕಾಳಿನ ಮೂರನೆಯ ಒಂದು ಭಾಗದಷ್ಟು ಎಣ್ಣೆ, ಕಾಲು ಭಾಗದಷ್ಟು ಪ್ರೋಟೀನ್ ಇದೆಯೆಂದ ಮೇಲೆ ಈ ಎಚ್ಚರಿಕೆ ಅತಿಯಾಯಿತೆನ್ನುವಂತಿಲ್ಲ.

ಇದನ್ನು ಕರ್ನಾಟಕದಲ್ಲಿ ಬೆಳೆಯಬಹುದೇ ಎಂದು ಕೇಳುಗರಲ್ಲಿ ಕೆಲವರಿಗೆ ಅನಿಸಿರಬಹುದು. 1985ರ ಮಾದಕವಸ್ತು ಕಾಯ್ದೆಯ ಪ್ರಕಾರ, ನಾರಿಗಾಗಲಿ ಬೀಜಕ್ಕಾಗಲಿ ಈ ಜಾತಿಯ ಗಿಡವನ್ನು ಬೆಳೆಯಲು ಸರ್ಕಾರದ ಅನುಮತಿ ಬೇಕೇ ಬೇಕು; ಅನುಮತಿಯಿಲ್ಲದೆ ಬೆಳೆಯುವುದು ಅಪರಾಧ. ಅನುಮತಿ ದೊರೆತರೂ ಫಿನೋಲಾ ನಮಗೆ ಒಗ್ಗುವ ತಳಿಯಲ್ಲವೆಂದೇ ನನ್ನ ಅಭಿಪ್ರಾಯ. ಉತ್ತರದ ದೀರ್ಘ ಹಗಲಿನಲ್ಲಿ ಮೈತುಂಬುವ ಈ ಗಿಡ, ನಮ್ಮ ಹನ್ನೆರಡು ಹದಿಮೂರು ಗಂಟೆಯ ಹಗಲಿನಲ್ಲಿ ಇನ್ನೂ ಬೇಗನೆ ಹೂಬಿಟ್ಟು, ಕುಳ್ಳಾಗಿಯೇ ಉಳಿದು, ಕಾಳನ್ನೂ ಕಡಿಮೆ ಕೊಡುತ್ತದೆ.