ಹಳೇ ರೈಫಲ್‌ನ ಗಡಸು ಟ್ರಿಗರ್: ನಾವು ಎಲ್ಲಿವರೆಗೆ ಕೈ ಹಾಕಬಹುದು?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದೆಲ್ಲ ಬಂದಿದ್ದೀರಿ. ಮಿಲಿಟರಿಯಿಂದ ನಿವೃತ್ತರಾದವರಿದ್ದೀರಿ, ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇಟ್ಟುಕೊಂಡ ತೋಟದವರಿದ್ದೀರಿ, ಎನ್‌ಸಿಸಿ ಹುಡುಗರೂ ಹಿಂದೆ ಕೂತಿದ್ದಾರೆ. ಯಾರೂ ಕೋವಿ ತರಬೇಡಿ ಅಂದಿದ್ದೆ, ತಂದಿಲ್ಲ. ಒಳ್ಳೆಯದಾಯಿತು. ಬೋರ್ಡು, ಸೀಮೆಸುಣ್ಣ ಇಷ್ಟು ಸಾಕು.

ಕೇಳಿದ ಪ್ರಶ್ನೆ ಇದು: ಹಳೇ ಮಿಲಿಟರಿ ರೈಫಲ್‌ನ ಟ್ರಿಗರ್ ಸಿಕ್ಕಾಪಟ್ಟೆ ಗಡಸು, ಅದನ್ನು ಹಗುರ ಮಾಡೋದು ಹೇಗೆ? ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನ ರೈಫಲ್‌ಗಳಲ್ಲಿ ತೊಂದರೆ ಭಾರದ್ದಲ್ಲ, ಒರಟುತನದ್ದು. ಒರಟುತನ ತೆಗೆಯೋದರಲ್ಲಿ ಬಹುಪಾಲು ನೀವೇ ಮಾಡಬಹುದು. ಭಾರ ಇಳಿಸೋದು ಮಾತ್ರ ನಿಮ್ಮ ಕೆಲಸ ಅಲ್ಲ.

ಯಾವ ರೈಫಲ್ ಬಗ್ಗೆ ಮಾತಾಡ್ತಿದ್ದೇವೆ ಅಂತ ಸ್ಪಷ್ಟ ಮಾಡಿಕೊಳ್ಳೋಣ. ನಮ್ಮಲ್ಲಿ 'ತ್ರೀ ನಾಟ್ ತ್ರೀ' ಅಂದರೆ ಎಲ್ಲರಿಗೂ ಗೊತ್ತು, ಪೊಲೀಸರ ಹೆಗಲ ಮೇಲೆ ನೋಡಿದ್ದೀರಿ. ಅದು ಲೀ ಎನ್‌ಫೀಲ್ಡ್. ಅದರ ಮಾರ್ಕ್ 3 ಮಾದರಿ ಬಂದಿದ್ದು 1907ರಲ್ಲಿ. ಬಂಗಾಳದ ಇಶಾಪುರ ಕಾರ್ಖಾನೆಯಲ್ಲೂ ಅದನ್ನು ತಯಾರಿಸಿದರು. ಹೊರದೇಶಗಳಲ್ಲಿ ಯುದ್ಧ ಮುಗಿದ ಮೇಲೆ ಇವನ್ನು ರಾಶಿ ರಾಶಿ ಮಾರಿದರು. ಅಮೆರಿಕದಲ್ಲಂತೂ 1968ರ ಕಾನೂನು ಬರೋವರೆಗೆ ಅಂಚೆಯಲ್ಲೇ ತರಿಸಿಕೊಳ್ಳಬಹುದಿತ್ತು, ಕೇಳಿದರೆ ನಂಬಲಿಕ್ಕಾಗಲ್ಲ ಅಲ್ವಾ? ನಮ್ಮಲ್ಲಿ .303 ಸಾಮಾನ್ಯ ಲೈಸೆನ್ಸ್‌ಗೆ ಸಿಗದ ಬೋರ್, ಅಂದರೆ ನಳಿಗೆಯ ಅಳತೆ. ಆದರೆ ನಮ್ಮ ಸರ್ಕಾರಿ ಕಾರ್ಖಾನೆಯ .315 ರೈಫಲ್ ಇದೆಯಲ್ಲ, ಅದರ ಬೋಲ್ಟು (ತೋಟಾವನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಸರಳು), ಅದು ಓಡಾಡುವ ಲೋಹದ ಬಾಡಿ ಎಲ್ಲ ಅದೇ ಲೀ ಎನ್‌ಫೀಲ್ಡ್ ವಂಶದ್ದು. ಅದಕ್ಕೇ ಈ ಮಾತು ನಿಮಗೂ ಬೇಕು.

ಇನ್ನೊಂದು ವಿಷಯ ಈಗಲೇ ಹೇಳಿಬಿಡ್ತೇನೆ, ಆಮೇಲೆ ಯಾರೂ ನನ್ನ ಹೆಸರು ಹೇಳಬಾರದು. 1959ರ ಆಯುಧ ಕಾಯ್ದೆಯ 5ನೇ ಕಲಂ ಕೋವಿಯ ತಯಾರಿಕೆ, ಮಾರಾಟದ ಜೊತೆಗೆ ರಿಪೇರಿ, ಮಾರ್ಪಾಡಿಗೂ ಬೇರೆ ಲೈಸೆನ್ಸ್ ಬೇಕು ಅನ್ನುತ್ತದೆ. ನಿಮ್ಮ ಹತ್ತಿರ ಇರೋದು ಇಟ್ಟುಕೊಳ್ಳುವ ಲೈಸೆನ್ಸ್. ಒರೆಸಿ, ಎಣ್ಣೆ ಹಾಕಿ, ಯಾರೂ ಬೇಡ ಅನ್ನಲ್ಲ. ಅರ ಹಿಡಿದು ಕೂತರೆ ಅದು ಬೇರೆ ಲೆಕ್ಕ.

ಈಗ ಟ್ರಿಗರ್‌ಗೆ ಬರೋಣ. ಮಿಲಿಟರಿಯವರು ಬೇಕಂತಲೇ ಅದನ್ನು ಭಾರ ಮಾಡಿದ್ದಾರೆ. ಕೆಸರಲ್ಲಿ ಬಿದ್ದು, ಚಳಿಗೆ ಕೈ ಮರಗಟ್ಟಿ, ಎದೆ ಢವಢವ ಅನ್ನುತ್ತಿರುವ ಹುಡುಗ ಓಡುವಾಗ ಎಡವಿದರೂ ಗುಂಡು ಹಾರಬಾರದು. ಅದಕ್ಕೆ ಎರಡು ಹಂತದ ಎಳೆತ. ಲೀ ಎನ್‌ಫೀಲ್ಡ್‌ನಲ್ಲಿ ಮೊದಲ ಎಳೆತ 3ರಿಂದ 4 ಪೌಂಡ್, ಎರಡನೆಯದು 5ರಿಂದ 6 ಪೌಂಡ್. ಅಂದರೆ ಕೊನೆಗೆ ಗುಂಡು ಹೊಡೆಯುವಾಗ ಬೆರಳಿಗೆ ಸುಮಾರು ಎರಡೂವರೆ ಕೆಜಿ ಭಾರ. ಹೋಲಿಕೆಗೆ ಹೇಳೋದಾದರೆ, ಅಂತರರಾಷ್ಟ್ರೀಯ 300 ಮೀಟರ್ ಸ್ಟ್ಯಾಂಡರ್ಡ್ ರೈಫಲ್ ಸ್ಪರ್ಧೆಯಲ್ಲೂ 1500 ಗ್ರಾಂಗಿಂತ ಕಮ್ಮಿ ಇರುವಂತಿಲ್ಲ. ಹಾಗಾಗಿ ಎರಡೂವರೆ ಕೆಜಿ ಅಂದರೆ ರೋಗ ಏನಲ್ಲ, ಅದು ಹುಟ್ಟುಗುಣ.

ಒಳಗಡೆ ಏನಿದೆ ನೋಡಿ. ಬೋಲ್ಟ್‌ನ ಹಿಂದೆ ಕಾಕಿಂಗ್ ಪೀಸ್ ಅನ್ನೋ ತುಂಡು, ತೋಟಾಕ್ಕೆ ಬಡಿದು ಸಿಡಿಸುವ ಫೈರಿಂಗ್ ಪಿನ್ ಅದಕ್ಕೇ ಸೇರಿಕೊಂಡಿರುತ್ತೆ. ಬೋಲ್ಟ್ ಮುಂದೆ ತಳ್ಳುವಾಗ ಸಿಯರ್ ಅನ್ನೋ ಕೊಕ್ಕೆ ಅದನ್ನು ಹಿಂದೆಯೇ ಹಿಡಿದುಕೊಳ್ಳುತ್ತೆ. ಟ್ರಿಗರ್‌ನ ತಲೆ ಮೇಲೆ ಎರಡು ಪುಟ್ಟ ಉಬ್ಬುಗಳಿವೆ. ಮೊದಲ ಉಬ್ಬು ಸಿಯರನ್ನು ಮುಕ್ಕಾಲು ಪಾಲು ಎಳೆಯುತ್ತೆ, ಎರಡನೆಯದು ಉಳಿದದ್ದನ್ನು ಬಿಡಿಸುತ್ತೆ. ಎರಡು ಎಳೆತದ ಗುಟ್ಟು ಇಷ್ಟೇ.

ನಮ್ಮ ಮಲೆನಾಡಿನವರು ಗಮನಿಸಬೇಕಾದ್ದು ಈಗ ಬರುತ್ತೆ. ಈ ರೈಫಲ್‌ನಲ್ಲಿ ಟ್ರಿಗರ್ ಕೂತಿರೋದು ಬಾಡಿಗಲ್ಲ, ಕೆಳಗಿನ ಟ್ರಿಗರ್ ಗಾರ್ಡ್‌ಗೆ, ಅಂದರೆ ಟ್ರಿಗರ್ ಸುತ್ತ ಇರುವ ಲೋಹದ ಪಟ್ಟಿಗೆ. ಸಿಯರ್ ಮಾತ್ರ ಮೇಲೆ, ಬಾಡಿಯಲ್ಲಿ. ಇವೆರಡರ ನಡುವೆ ಇರೋದು ಏನು? ಮರ! ಆಗುಂಬೆ, ಹುಲಿಕಲ್ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆ ಬಾಗಿಲೇ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತೆ, ರೈಫಲ್‌ನ ಮರಕ್ಕೂ ಅದೇ ಕಥೆ. ಮರ ಉಬ್ಬಿದರೆ ಗಾರ್ಡ್ ದೂರ ಸರಿದು ಎಳೆತ ಉದ್ದವಾಗುತ್ತೆ. ಬೇಸಿಗೆಗೆ ಒಣಗಿ ಕುಗ್ಗಿದಾಗ, ನೀವು ಸ್ಕ್ರೂ ಬಿಗಿ ಮಾಡಿದರೆ ಟ್ರಿಗರ್ ಸಿಯರ್‌ಗೆ ಹತ್ತಿರ ಬಂದುಬಿಡುತ್ತೆ, ಮೊದಲ ಎಳೆತ ಕಮ್ಮಿಯಾಗುತ್ತೆ, ಕೆಲವು ಸಲ ಕಾಣೆಯೇ ಆಗುತ್ತೆ. ಜನ ಅದನ್ನು ನೋಡಿ 'ಆಹಾ, ಟ್ರಿಗರ್ ಸುಧಾರಿಸಿತು' ಅಂತ ಖುಷಿಪಡುತ್ತಾರೆ. ಸುಧಾರಿಸಿಲ್ಲ ಮಾರಾಯ್ರೆ, ಸಿಯರ್‌ನ ಹಿಡಿತ ಕಮ್ಮಿಯಾಗಿರಬಹುದು! ಮುಂದಿನ ಗಾರ್ಡ್ ಸ್ಕ್ರೂ ಸುತ್ತ ಒಂದು ಪುಟ್ಟ ಲೋಹದ ಕೊಳವೆ ಇರಬೇಕು, ಕಾಲರ್ ಅಂತಾರೆ. ಮರ ಹೆಚ್ಚು ಅಮುಕದಂತೆ ತಡೆಯೋದು ಅದೇ. ಹಳೇ ರೈಫಲ್‌ಗಳಲ್ಲಿ ಎಷ್ಟೋ ಕಡೆ ಅದು ಕಳೆದುಹೋಗಿರುತ್ತೆ. ಬ್ರಿಟಿಷರಿಗೂ ಈ ಪೀಕಲಾಟ ಸಾಕಾಗಿಯೇ ಆಮೇಲೆ ಬಂದ ಲೀ ಎನ್‌ಫೀಲ್ಡ್ ನಂಬರ್ 4ರ ಮಾರ್ಕ್ 2 ಮಾದರಿಯಲ್ಲಿ ಟ್ರಿಗರನ್ನು ನೇರವಾಗಿ ಬಾಡಿಗೇ ನೇತು ಹಾಕಿದರು.

ಹಾಗಾದರೆ ಮೊದಲು ಏನು ಮಾಡೋದು? ಖಾಲಿ ಮಾಡಿ. ಮ್ಯಾಗಜೀನ್ ತೆಗೆಯಿರಿ, ಬೋಲ್ಟ್ ತೆರೆದು ತೋಟಾ ಕೂರುವ ಚೇಂಬರ್ ನೋಡಿ, ಬೆರಳು ಹಾಕಿಯೂ ನೋಡಿ. ತೋಟಾಗಳು ಆ ಕೋಣೆಯಲ್ಲೇ ಇರಬಾರದು, ಬೇರೆ ಕೋಣೆಯಲ್ಲಿ ಬೀಗದೊಳಗೆ. ಆಮೇಲೆ ತೂಕ. ಲಗೇಜ್ ತೂಗುವ ಪುಟ್ಟ ಡಿಜಿಟಲ್ ತಕ್ಕಡಿ ಸಾಕು. ಕೊಕ್ಕೆಗೆ ದಾರ ಕಟ್ಟಿ, ಟ್ರಿಗರ್‌ನ ಮಧ್ಯಕ್ಕೆ ಸಿಕ್ಕಿಸಿ, ನೇರ ಹಿಂದಕ್ಕೆ ಮೆಲ್ಲಗೆ ಎಳೆಯಿರಿ. ನಾಲ್ಕೈದು ಸಲ ಎಳೆದು ಬರೆದಿಡಿ. ಪ್ರತಿ ಸಲ ಬೇರೆ ಬೇರೆ ಅಂಕಿ ಬಂದರೆ ಅದು ಕೊಳಕು ಅಥವಾ ಸಡಿಲ ಸ್ಕ್ರೂ. ಒಂದೇ ಅಂಕಿ ಬಂದು ಅದು ಆರು ಪೌಂಡ್ ಒಳಗಿದ್ದರೆ, ನಿಮ್ಮ ಟ್ರಿಗರ್‌ಗೆ ಏನೂ ಆಗಿಲ್ಲ.

ಕೊಳಕು ಅಂದೆನಲ್ಲ, ಅದರ ಬಗ್ಗೆ ಎರಡು ಮಾತು. ಮಿಲಿಟರಿ ದಾಸ್ತಾನಿನ ರೈಫಲ್‌ಗಳಿಗೆ ತುಕ್ಕು ಹಿಡಿಯದಿರಲಿ ಅಂತ ದಪ್ಪ ಗ್ರೀಸ್ ಬಳಿದಿರುತ್ತಾರೆ, ವರ್ಷಗಟ್ಟಲೆ ಇದ್ದರೆ ಅದು ಅಂಟಾಗಿ ಗಟ್ಟಿಯಾಗುತ್ತೆ. ನಮ್ಮವರು ಅದರ ಮೇಲೆ ಕೊಬ್ಬರಿ ಎಣ್ಣೆ ಹಾಕ್ತಾರೆ. ಚಳಿಗಾಲದ ಬೆಳಿಗ್ಗೆ ಅದು ಏನಾಗುತ್ತೆ ಅಂತ ಬಾಟಲಿ ನೋಡಿದರೆ ಗೊತ್ತಾಗುತ್ತೆ. ಜೊತೆಗೆ ಆಯುಧ ಪೂಜೆ ದಿನ ಅರಿಶಿನ, ಕುಂಕುಮ, ಗಾರ್ಡ್‌ಗೆ ಸಿಕ್ಕಿಸಿದ ಹೂವು. ಪೂಜೆ ಬೇಡ ಅನ್ನಲ್ಲ, ಕುಂಕುಮ ಹಿಡಿ ಮೇಲಿರಲಿ, ಬೋಲ್ಟ್ ಒಳಗೆ ಬೇಡ. ಬೋಲ್ಟ್ ಹೊರತೆಗೆದು, ಸಿಯರ್ ಕಾಣುವ ಜಾಗ, ಕಾಕಿಂಗ್ ಪೀಸ್ ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ಅದ್ದಿದ ಹಳೇ ಟೂತ್ ಬ್ರಷ್‌ನಿಂದ ಉಜ್ಜಿ. ಮರಕ್ಕೆ ತಾಗದ ಹಾಗೆ ನೋಡಿಕೊಳ್ಳಿ, ಕಿಟಕಿ ತೆರೆದಿರಲಿ, ಒಲೆ ದೂರ ಇರಲಿ. ಒಣಗಿದ ಮೇಲೆ ಹೊಲಿಗೆ ಯಂತ್ರದ ಎಣ್ಣೆ, ತಾಗುವ ಜಾಗಕ್ಕೆ ಒಂದೇ ಒಂದು ಹನಿ. ಎಷ್ಟೋ 'ಗಡಸು' ಟ್ರಿಗರ್‌ಗಳು ಇಲ್ಲಿಗೇ ಸರಿಹೋಗುತ್ತವೆ.

ಹಿಂದಿನ ಮರದ ಹಿಡಿಯನ್ನು ಬಾಡಿಗೆ ಬಿಗಿದಿರುವ ಉದ್ದ ಬೋಲ್ಟನ್ನು (ಇದು ಸ್ಕ್ರೂ ಥರದ್ದು, ಇಲ್ಲಿವರೆಗೆ ಹೇಳಿದ ಬೋಲ್ಟ್ ಅಲ್ಲ) ಮಾತ್ರ ತಿರುಗಿಸಬೇಡಿ. ಮುಂದಿನ ಮರ ಬಿಚ್ಚದೆ ಅದನ್ನು ತಿರುಗಿಸಿದರೆ ಆ ಮರವೇ ಸೀಳುತ್ತೆ.

ಇನ್ನು ಇಂಟರ್‌ನೆಟ್ ವೀಡಿಯೊ ನೋಡಿ ಲೋಹ ಉಜ್ಜಿ ನುಣುಪು ಮಾಡಲು ಎಣ್ಣೆಗಲ್ಲು ತರುವವರಿಗೆ ಒಂದು ಮಾತು. ಸಿಯರ್, ಕಾಕಿಂಗ್ ಪೀಸ್‌ಗಳ ಮೇಲ್ಪದರ ಮಾತ್ರ ಗಟ್ಟಿ, ಅದೂ ಬಹಳ ತೆಳು. ಅದನ್ನು ಉಜ್ಜಿ ತೆಗೆದರೆ ಒಳಗಿನ ಮೆದು ಕಬ್ಬಿಣ ಮೇಲೆ ಬರುತ್ತೆ. ಮೊದಲ ವಾರ ಟ್ರಿಗರ್ ಬೆಣ್ಣೆ. ಆಮೇಲೆ ಸವೆದು, ಒಂದು ದಿನ ಬೋಲ್ಟ್ ಜೋರಾಗಿ ಮುಚ್ಚಿದ ತಕ್ಷಣ, ಬೆರಳು ತಾಗಿಸದೆಯೇ ಢಮ್. ಕೋನ ಒಂಚೂರು ತಪ್ಪಿದರೂ ಅಷ್ಟೇ. ಸ್ಪ್ರಿಂಗ್ ಕತ್ತರಿಸೋದು ಇನ್ನೂ ಕೆಟ್ಟದ್ದು: ಲೀ ಎನ್‌ಫೀಲ್ಡ್‌ನಲ್ಲಿ ಸಿಯರ್ ಸ್ಪ್ರಿಂಗೇ ಮ್ಯಾಗಜೀನ್ ಕೊಂಡಿಗೂ ಸ್ಪ್ರಿಂಗ್. ಫೈರಿಂಗ್ ಪಿನ್ ತಳ್ಳುವ ಮುಖ್ಯ ಸ್ಪ್ರಿಂಗ್ ಮೊಟಕು ಮಾಡಿದರೆ ತೋಟಾ ಸರಿಯಾಗಿ ಸಿಡಿಯಲ್ಲ.

ಶುಚಿ ಮಾಡಿದ ಮೇಲೆ, ಅಥವಾ ಯಾರೇ ಕೈ ಹಾಕಿದ ಮೇಲೆ, ಖಾಲಿ ರೈಫಲ್‌ನಲ್ಲೇ ಪರೀಕ್ಷೆ ಮಾಡಿ. ಬೋಲ್ಟನ್ನು ಹಲವು ಸಲ ರಭಸದಿಂದ ಮುಚ್ಚಿ, ಕಾಕಿಂಗ್ ಪೀಸ್ ಹಿಂದೆಯೇ ನಿಲ್ಲಬೇಕು. ಸೇಫ್ಟಿ ಹಾಕಿ ಟ್ರಿಗರ್ ಎಳೆದು ಬಿಡಿ, ಆಮೇಲೆ ಸೇಫ್ಟಿ ತೆಗೆಯಿರಿ, ಆಗಲೂ ನಿಲ್ಲಬೇಕು. ದಪ್ಪ ರಬ್ಬರ್ ಮ್ಯಾಟ್ ಮೇಲೆ ಹಿಡಿಯನ್ನು ಮೆಲ್ಲಗೆ ಕುಟ್ಟಿ, ಆಗಲೂ. ಇದರಲ್ಲಿ ಒಂದು ಸಲ ಕಾಕಿಂಗ್ ಪೀಸ್ ಮುಂದೆ ಬಿದ್ದರೂ ಆ ರೈಫಲ್‌ಗೆ ತೋಟಾ ಹಾಕಬೇಡಿ.

ಆಮೇಲೂ ಭಾರ ಅನ್ನಿಸಿದರೆ? ಬೆರಳಿಗೆ ಅಭ್ಯಾಸ ಕೊಡಿ. ಮದ್ದಿಲ್ಲದ ಡಮ್ಮಿ ತೋಟಾ ಹಾಕಿ, ಸುರಕ್ಷಿತ ಗೋಡೆ ಕಡೆ ಗುರಿ ಇಟ್ಟು, ಮೊದಲ ಎಳೆತ ಪೂರ್ತಿ ತೆಗೆದು ನಿಂತು, ಉಸಿರು ಅರ್ಧ ಬಿಟ್ಟು, ಎರಡನೆಯದನ್ನು ನಿಧಾನ ಒತ್ತಿ. ಈ ಎರಡು ಹಂತ ಬೆರಳಿಗೆ ಗೊತ್ತಾದ ಮೇಲೆ ಎರಡೂವರೆ ಕೆಜಿ ಅಷ್ಟೇನೂ ಕಾಡಲ್ಲ. ಜರ್ಮನಿಯ ಹಳೇ ಮಿಲಿಟರಿ ರೈಫಲ್ ಮೌಸರ್ 98 ಇದ್ದವರಿಗೆ ಹೊರದೇಶಗಳಲ್ಲಿ ಟಿಮ್ನಿಯಂಥ ಕಂಪನಿಗಳ ರೆಡಿ ಟ್ರಿಗರ್ ಸಿಗುತ್ತೆ, ಅದು ಅಲ್ಲಿಯ ಮಾತು.

ನಿಜವಾಗಿ ಕೆಲಸ ಮಾಡಿಸಲೇಬೇಕಾದರೆ ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರ ಹೋಗಿ, ನಿಮ್ಮ ಲೈಸೆನ್ಸ್ ಪುಸ್ತಕ ಜೊತೆಗಿರಲಿ. 'ಹಗುರ ಮಾಡಿ' ಅನ್ನಬೇಡಿ. ತೂಕ ಬರೆದ ಚೀಟಿ ಕೊಟ್ಟು, ಎರಡೂ ಎಳೆತ ಸರಿಯಾಗಿ ಬರಲಿ, 5 ಪೌಂಡ್‌ಗಿಂತ ಕೆಳಗೆ ಇಳಿಸಬೇಡಿ ಅನ್ನಿ. ಕಾಲರ್ ಇದೆಯಾ ನೋಡಿ ಅಂತಲೂ ಕೇಳಿ. ಆ ಪ್ರಶ್ನೆಗೆ ಅವರು ಮುಖ ಮುಖ ನೋಡಿದರೆ, ರೈಫಲ್ ವಾಪಸ್ ತಗೊಂಡು ಬನ್ನಿ.